ನಿವೃತ್ತ ವಿಮಾನಗಳ ಪಾಡು

(ಬಾನುಲಿ ಭಾಷಣ)

ಹುಮನಾಬಾದಿನಲ್ಲಿ ಹುಟ್ಟಿ ಬೆಳೆದ ನಮಗೆ ವಿಮಾನದ ಸದ್ದು ಹೊಸದೇನಲ್ಲ. ಬೀದರದ ವಾಯುನೆಲೆಯಿಂದ ಏರಿದ ತರಬೇತಿಯ ‘ಕಿರಣ್’ ವಿಮಾನಗಳು ತೊಗರಿಯ ಹೊಲಗಳ ಮೇಲೆ ಹಾದುಹೋಗುವಾಗ, ಕಳೆ ತೆಗೆಯುತ್ತಿದ್ದ ಹೆಂಗಸರು ತಲೆ ಎತ್ತಿ ಕೂಡ ನೋಡುತ್ತಿರಲಿಲ್ಲ. 1996ರಲ್ಲಿ ‘ಸೂರ್ಯಕಿರಣ್’ ತಂಡ ಬೀದರದಲ್ಲಿ ರೂಪುಗೊಂಡ ಮೇಲೆ ಮಾತ್ರ ಜನ ಮಾಳಿಗೆ ಹತ್ತಿ ನಿಂತು ನೋಡಿದರು. 2008ರಲ್ಲಿ ‘ಹಾಕ್’ ಬಂದಿತು. ಆಕಾಶದ ಸದ್ದೇ ಬದಲಾಯಿತು. ಹಾರಿ ಹಾರಿ ಹಳತಾದ ವಿಮಾನಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆ ನನ್ನಲ್ಲಿ ಮೂಡಿದ್ದು ಆಗಲೇ.

ಸೇವೆ ಮುಗಿದ ಯುದ್ಧವಿಮಾನದಿಂದ ಮೊದಲು ಇಂಧನವನ್ನೂ ಶಸ್ತ್ರಗಳನ್ನೂ ಇಳಿಸುತ್ತಾರೆ. ಚಾಲಕನನ್ನು ಹೊರಕ್ಕೆಸೆಯುವ ಆಸನದ ಸಿಡಿಮದ್ದನ್ನು ತೆಗೆಯುತ್ತಾರೆ. ಇಂಜಿನು, ರೇಡಿಯೋ, ಮಾಪಕಗಳು ಮತ್ತೊಂದು ವಿಮಾನಕ್ಕೆ ಒದಗುವಂತಿದ್ದರೆ ಅವೂ ಹೋಗುತ್ತವೆ. ಉಳಿದ ಒಡಲು ಬಹುಮಟ್ಟಿಗೆ ಗುಜರಿಯ ಪಾಲು. ಶತ್ರುವಿನೆದುರು ಹಾರಿದ ಅಲ್ಯೂಮಿನಿಯಂ ಯಾರದೋ ಅಡುಗೆಮನೆಯ ಪಾತ್ರೆಯಾಗಿರಲೂಬಹುದು. ಅದರಲ್ಲಿ ಅವಮಾನವೇನೂ ನನಗೆ ಕಾಣದು. ಕೆಲವು ಮಾತ್ರ ಇಂಜಿನಿಯರಿಂಗ್ ಕಾಲೇಜಿಗೋ ವಸ್ತುಸಂಗ್ರಹಾಲಯಕ್ಕೋ ಊರಿನ ವೃತ್ತಕ್ಕೋ ಸಲ್ಲುತ್ತವೆ.

ನನ್ನ ಸೋದರಮಾವ ವಾಯುದಳದಲ್ಲಿ ಫಿಟ್ಟರ್ ಆಗಿದ್ದವರು. ಒಮ್ಮೆ ಪ್ರಯಾಣದ ನಡುವೆ, ಊರೊಂದರ ವೃತ್ತದಲ್ಲಿ ನಿಲ್ಲಿಸಿದ್ದ ವಿಮಾನವನ್ನು ತೋರಿಸಿದೆ. ಗಾಳಿ ಒಳಗೆಳೆಯುವ ಬಾಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಅವರು ಮೊಗ ನೋಡಲಿಲ್ಲ. ರೆಕ್ಕೆಯ ಕೆಳಗೆ ಬಾಗಿ ಬೆರಳ ಗೆಣ್ಣಿನಿಂದ ತಟ್ಟಿ, “ಇದರಾಗ ಏನೂ ಉಳದಿಲ್ಲ ತಮ್ಮಾ, ನೀರು ಮಾತ್ರ ನಿಂತದ” ಎಂದರು. ನೀರು ಬಸಿದುಹೋಗುವ ರಂಧ್ರಗಳ ಮೇಲೆಯೇ ಬಣ್ಣ ಬಳಿದಿದ್ದರು. ಅಲ್ಯೂಮಿನಿಯಂ ಉಕ್ಕನ್ನು ತಾಗುವ ಕಡೆ ತೇವ ನಿಂತರೆ ಲೋಹ ಒಳಗಿಂದೊಳಗೇ ಪದರ ಪದರವಾಗಿ ತಿಂದುಹೋಗುತ್ತದೆ. ಹೊರಗೆ ಹೊಳಪು, ಒಳಗೆ ಪುಡಿ.

ಮತ್ತೆ ಹಾರಿಸಿದವರೂ ಉಂಟು. ಎರಡನೆಯ ಮಹಾಯುದ್ಧದ ಬಳಿಕ ಕಾನ್ಪುರದಲ್ಲಿ ಬಿಟ್ಟುಹೋದ ‘ಲಿಬರೇಟರ್’ ಬಾಂಬರುಗಳನ್ನು, ಯಾರಿಗೂ ಬಳಕೆಗೆ ಬಾರದಂತೆ ಬೇಕೆಂದೇ ಕೆಡಿಸಿದ್ದರು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಕೆಲಸಗಾರರು 1948ರಿಂದ ಅಂಥ ಸುಮಾರು 40 ವಿಮಾನಗಳಿಗೆ ಮರುಜೀವ ಕೊಟ್ಟರು. 1968ರವರೆಗೂ ಅವು ನಮ್ಮ ವಾಯುದಳದಲ್ಲಿ ದುಡಿದವು. ಆ ಬಳಿಕ ಬ್ರಿಟನ್, ಕೆನಡ, ಅಮೆರಿಕಗಳ ಸಂಗ್ರಹಾಲಯಗಳು ತಮ್ಮಲ್ಲಿ ಇಲ್ಲದ ಲಿಬರೇಟರನ್ನು ಭಾರತದಿಂದಲೇ ಪಡೆದವು. ಬೆಂಗಳೂರಲ್ಲೇ ಹುಟ್ಟಿ, 1961ರ ಜೂನ್ 17ರಂದು ಮೊದಲು ಹಾರಿದ ‘ಮಾರುತ’ವನ್ನು ಇಂದು ಅದೇ ಊರಿನಲ್ಲಿ ನೋಡಬಹುದು, ಅದರ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ಜರ್ಮನಿಯಲ್ಲೂ ಒಂದಿದೆ.

ಆದರೆ ನನ್ನನ್ನು ಬಹುವಾಗಿ ಕಾಡಿದ್ದು ನಮ್ಮ ಸೀಮೆಗೇ ಸಂಬಂಧಿಸಿದ ಒಂದು ವಿಮಾನ. ಮೊದಲ ಮಹಾಯುದ್ಧದಲ್ಲಿ ಹೈದರಾಬಾದಿನ ನಿಜಾಮರು ಬ್ರಿಟಿಷರ 110ನೆಯ ಸ್ಕ್ವಾಡ್ರನ್‌ಗೆ ವಿಮಾನಗಳ ವೆಚ್ಚ ಕೊಟ್ಟರು. ಅದಕ್ಕೆ ‘ಹೈದರಾಬಾದ್’ ಎಂಬ ಹೆಸರೇ ಬಂದಿತು. ಹುಮನಾಬಾದು, ಅಂದು ಕಲ್ಯಾಣಿ ಎನಿಸಿದ್ದ ಬಸವಕಲ್ಯಾಣ, ಎರಡೂ ಆಗ ನಿಜಾಮರ ಸೀಮೆಯವೇ. ಬೊಕ್ಕಸವೆಂದರೆ ಜೋಳ, ಹತ್ತಿ ಬೆಳೆದವರ ಕಂದಾಯವಲ್ಲವೆ? ವಿಮಾನವನ್ನೇ ಕಾಣದ ನಮ್ಮ ಮುತ್ತಜ್ಜಂದಿರ ಬೆವರಿನ ಪಾಲೊಂದು ಜರ್ಮನಿಯ ಮೇಲೆ ಹಾರಿತೆಂದು ನಾನು ನಂಬುತ್ತೇನೆ.

ಆ ವಿಮಾನಗಳಲ್ಲೊಂದು ‘ಡಿ. ಎಚ್. 9ಎ’, ಸಂಖ್ಯೆ ಎಫ್ 1010. 1918ರ ಅಕ್ಟೋಬರ್ 5ರಂದು ಅದು ಜರ್ಮನರ ನೆಲದಲ್ಲಿ ಇಳಿಯಬೇಕಾಯಿತು, ಸೆರೆಯಾಯಿತು. ಗೆದ್ದ ವಸ್ತುವೆಂದು ಬರ್ಲಿನ್ನಿನಲ್ಲಿ ಪ್ರದರ್ಶನಕ್ಕಿಟ್ಟರು. ಎರಡನೆಯ ಯುದ್ಧದ ಗಲಭೆಯಲ್ಲಿ ಪೋಲೆಂಡ್ ಸೇರಿತು. ರೆಕ್ಕೆಗಳು ಕಳೆದುಹೋದವು. 1977ರಲ್ಲಿ ಬ್ರಿಟನ್ನಿನ ವಾಯುದಳದ ಸಂಗ್ರಹಾಲಯವು ಒಂದು ‘ಸ್ಪಿಟ್‌ಫೈರ್’ ಕೊಟ್ಟು ಅದನ್ನು ಪಡೆದು, ಹೊಸ ರೆಕ್ಕೆ ಕಟ್ಟಿಸಿತು. ಅದರ ಮೈಮೇಲೆ ದಾನಿಯಾದ ನಿಜಾಮರ ಹೆಸರಿದೆ. ರೈತರದಿಲ್ಲ, ಇರುವುದೂ ಸಾಧ್ಯವಿರಲಿಲ್ಲ.

2025ರ ಸೆಪ್ಟೆಂಬರ್ 26ರಂದು ‘ಮಿಗ್ 21’ ಚಂಡೀಗಢದಲ್ಲಿ ಬೀಳ್ಕೊಂಡಿತು. ಅವನ್ನು ನಮ್ಮೂರಿಗೂ ಕೊಡಿ ಎಂದು ಕೇಳುವವರು ಹಲವರಿರಬಹುದು. ಕೇಳಲಿ; ಆದರೆ ಚಪ್ಪರದ ಖರ್ಚನ್ನೂ ಮೊದಲೇ ಲೆಕ್ಕ ಹಾಕಲಿ.

ನಿಜಾಮರ ವಿಮಾನದ ಕಥೆಯನ್ನು ಮಾವನವರಿಗೆ ಓದಿ ಹೇಳಿದೆ. ಬರ್ಲಿನ್, ಪೋಲೆಂಡ್, ಸ್ಪಿಟ್‌ಫೈರ್ ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು. ಬಳಿಕ, “ನೆರಳಿನಾಗ ಇಟ್ಟಾರೇನು?” ಎಂದರು. ಇಟ್ಟಿದ್ದಾರೆ ಎಂದೆ.