ಮಸೂರಕ್ಕೊಂದು ನೆರಳು

ದೂರದಿಂದ ಬರುತ್ತಿರುವವರು ಯಾರೆಂದು ಗುರುತಿಸಬೇಕಾದಾಗ ನಾವು ಹುಬ್ಬಿನ ಮೇಲೆ ಅಂಗೈಯನ್ನು ಅಡ್ಡ ಹಿಡಿಯುತ್ತೇವೆ. ಇದನ್ನು ನಮಗೆ ಯಾರೂ ಕಲಿಸಿದವರಿಲ್ಲ. ನೋಡಬೇಕಾದ ವಸ್ತುವಿನಿಂದ ಬರುವ ಬೆಳಕು ಒಂದು; ಅದಕ್ಕೆ ಸಂಬಂಧಪಡದೆ ಪಕ್ಕದಿಂದ ಕಣ್ಣಿಗೆ ನುಗ್ಗುವ ಬೆಳಕು ಇನ್ನೊಂದು. ಎರಡನೆಯದನ್ನು ತಡೆದರೆ ಮೊದಲನೆಯದು ನಿಚ್ಚಳವಾಗುತ್ತದೆಂಬುದನ್ನು ಕೈ ತಾನಾಗಿಯೇ ಬಲ್ಲುದು. ಕ್ಯಾಮರಾಕ್ಕೆ ಕೈಯಿಲ್ಲ. ಅದರ ಮಸೂರದ ಮುಂದೆ ತೊಡಿಸುವ, ಕಪ್ಪು ಬಳೆಯಂಥ ಒಂದು ಪುಟ್ಟ ಸಾಧನವೇ ಅದರ ಅಂಗೈ. ಛಾಯಾಗ್ರಾಹಕರು ಇದನ್ನು ಲೆನ್ಸ್ ಹುಡ್ ಎನ್ನುತ್ತಾರೆ.

ಇದರ ಬೆಲೆ ನನಗೆ ತಿಳಿದದ್ದು ಒಂದು ನಷ್ಟದಿಂದ. 1979ರ ಒಂದು ಸಂಜೆ ಊರಿನ ಮನೆಯಂಗಳದಲ್ಲಿ ತಂದೆಯವರನ್ನು ನಿಲ್ಲಿಸಿ ಚಿತ್ರ ತೆಗೆಯಲು ಹೊರಟೆ. ಇಳಿಬಿಸಿಲು ಅವರ ಬೆನ್ನ ಹಿಂದಿನಿಂದ ಓರೆಯಾಗಿ ಬಂದು ನನ್ನ ಕಣ್ಣಿಗೆ ಹೊಡೆಯುತ್ತಿತ್ತು. ಅದನ್ನು ಕಂಡ ತಾಯಿ, "ಬಿಸಿಲು ನಿನ್ನ ಮುಖಕ್ಕೇ ಬೀಳ್ತಿದೆಯಲ್ಲೋ, ಕೊಡೆ ಹಿಡಿಯಲೇನು?" ಎಂದರು. "ಬೇಡಮ್ಮ, ಬೆಳಕಿದ್ದರೇ ಚಿತ್ರ" ಎಂದು ನಕ್ಕುಬಿಟ್ಟೆ. ಚಿತ್ರ ಅಚ್ಚಾಗಿ ಬಂದಾಗ ತಂದೆಯವರ ಮುಖದ ಮೇಲೆ ಬೂದಿ ಬಣ್ಣದ ಮಂಜು ಕವಿದಿತ್ತು. ಭುಜದ ಬಳಿ ನಾಲ್ಕಾರು ಬಿಳಿಯ ಬಿಲ್ಲೆಗಳು ಸಾಲುಗಟ್ಟಿದ್ದವು. ಮರುವರ್ಷ ಅವರು ತೀರಿಕೊಂಡರು. ಆ ವಯಸ್ಸಿನ ಅವರ ಚಿತ್ರ ನಮ್ಮಲ್ಲಿ ಇನ್ನೊಂದಿಲ್ಲ.

ಆ ಮಂಜು ಬಂದದ್ದಾದರೂ ಎಲ್ಲಿಂದ? ಬರಿಯ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಕ್ಯಾಮರಾದ ಮಸೂರವೆಂದರೆ ಸಾಮಾನ್ಯವಾಗಿ ಒಂದೇ ಗಾಜಲ್ಲ, ಹಲವು ಗಾಜುಗಳ ಕೂಟ. ಒಂದು ಹಿಂದಕ್ಕೆಸೆದ ಬೆಳಕನ್ನು ಇನ್ನೊಂದು ಮುಂದಕ್ಕೆಸೆಯುತ್ತದೆ. ಹೀಗೆ ದಾರಿತಪ್ಪಿದ ಬೆಳಕು ಚಿತ್ರದ ತುಂಬ ಹರಡಿದಾಗ ಕಪ್ಪು ಬೂದಿಯಾಗುತ್ತದೆ, ಬಣ್ಣ ಸಪ್ಪೆಯಾಗುತ್ತದೆ. ಜರ್ಮನಿಯ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ರೂಪಿಸಿದ ತೆಳುಲೇಪನವೂ, ಮುಂದೆ ಬಂದ ಹಲವು ಪದರಗಳ ಲೇಪನಗಳೂ ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಿದವು, ಇಲ್ಲವಾಗಿಸಲಿಲ್ಲ. ಫಿಲ್ಮಿನ ಜಾಗಕ್ಕೆ ಡಿಜಿಟಲ್ ಕ್ಯಾಮರಾ ಬಂದರೂ ಮಸೂರ ಗಾಜೇ ತಾನೆ? ಮಾಸಿದ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಬಹುದು. ಮಂಜಿನಲ್ಲಿ ಮುಳುಗಿದ ಸೂಕ್ಷ್ಮ ವಿವರಗಳೆಲ್ಲ ಮರಳಿ ಬಾರವು.

ಹುಡ್ಡಿನ ಅಳತೆಗೂ ಒಂದು ಲೆಕ್ಕವಿದೆ. ದೂರದ್ದನ್ನು ಹತ್ತಿರಕ್ಕೆ ತರುವ ಮಸೂರದ ನೋಟ ಕಿರಿದು. ಅದಕ್ಕೆ ಉದ್ದನೆಯ ಹುಡ್ ಒಪ್ಪುತ್ತದೆ. ಅಗಲನೋಟದ ಮಸೂರಕ್ಕೆ ಅದನ್ನೇ ತೊಡಿಸಿದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಕೆಲವು ಹುಡ್ಡುಗಳು ಹೂವಿನ ದಳಗಳಂತೆ ಕತ್ತರಿಸಿಕೊಂಡಿರುವುದು ಅಂದಕ್ಕಲ್ಲ. ಚಿತ್ರ ಆಯತಾಕಾರವಾದ್ದರಿಂದ ಮೇಲೆ ಕೆಳಗೆ ಉದ್ದವಾಗಿಯೂ ಎಡಬಲಗಳಲ್ಲಿ ಮೊಟಕಾಗಿಯೂ ಇರಬೇಕಾಗುತ್ತದೆ. ಇನ್ನು, ಸೂರ್ಯನೇ ಚಿತ್ರದ ಚೌಕಟ್ಟಿನೊಳಗೆ ಬಂದು ನಿಂತರೆ ಯಾವ ಹುಡ್ಡೂ ಏನೂ ಮಾಡಲಾರದು. ಹೊರಗಿನವನನ್ನು ತಡೆಯುವುದಷ್ಟೇ ಅದರ ಕೆಲಸ.

ಅದರಿಂದ ಇನ್ನೊಂದು ಉಪಕಾರವೂ ಉಂಟು. ಕ್ಯಾಮರಾ ಗೋಡೆಗೆ ತಾಗಿದರೆ ಮೊದಲ ಪೆಟ್ಟು ತಿನ್ನುವುದು ಹುಡ್ಡೇ. ಮಳೆಯ ಹನಿಯಾಗಲಿ ಮಗುವಿನ ಬೆರಳಾಗಲಿ ಗಾಜನ್ನು ಸುಲಭವಾಗಿ ಮುಟ್ಟದಂತೆ ಅದು ಕಾಯುತ್ತದೆ. ಎಷ್ಟೋ ಮಂದಿ ಚೀಲದಲ್ಲಿಡಲು ತಿರುವಿ ಹಾಕಿದ ಹುಡ್ಡನ್ನು ಹಾಗೆಯೇ ಬಿಟ್ಟು ಚಿತ್ರ ತೆಗೆಯುವುದನ್ನು ಕಂಡಿದ್ದೇನೆ. ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಬಿಸಿಲಲ್ಲಿ ನಡೆದಂತೆ ಅದು.

ಛಾಯಾಚಿತ್ರವೆಂಬ ನಮ್ಮ ಮಾತಿನಲ್ಲಿ ಛಾಯೆಯೇ ಮೊದಲು ಬರುತ್ತದೆ. ಬೆಳಕೊಂದಿದ್ದರೆ ಸಾಕೆಂದು ನಂಬಿದ್ದ ನನಗೆ ಅದರ ಅರ್ಥ ಹೊಳೆದದ್ದು ತಡವಾಗಿ. ಹುಡ್ ಇಲ್ಲದಿದ್ದರೆ ಹಾಳೆಯೊಂದನ್ನಾಗಲಿ ಅಂಗೈಯನ್ನಾಗಲಿ, ಚಿತ್ರದೊಳಗೆ ಸೇರದಂತೆ ಅಡ್ಡ ಹಿಡಿದರೂ ನಡೆಯುತ್ತದೆ. ಮೊಬೈಲ್ ಫೋನಿಗೂ ಇದೇ ಉಪಾಯ. ತಂದೆಯವರ ಆ ಮಸುಕು ಚಿತ್ರ ಈಗಲೂ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಅದನ್ನು ನೋಡಿದಾಗಲೆಲ್ಲ, ಚೌಕಟ್ಟಿನ ಹೊರಗೆ ಕೊಡೆ ಹಿಡಿಯಲು ಸಿದ್ಧರಾಗಿ ನಿಂತಿದ್ದ ತಾಯಿಯವರು ನೆನಪಾಗುತ್ತಾರೆ.