ಅನ್ನವೂ ಬೇಕು, ನೆಲೆಯೂ ಬೇಕು
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ನಾವು ದೇವರಿಗೆ ಕೃತಜ್ಞತೆಯನ್ನು ಸಲ್ಲಿಸುತ್ತಿದ್ದೇವೆ. ತಲೆತಲಾಂತರವಾಗಿ ಒಂದೇ ಗಂಟೆಯ ನಾದವನ್ನು ಕೇಳುತ್ತ, ಹಿರಿಯರ ಸಮಾಧಿಗಳ ಸಮೀಪದಲ್ಲಿಯೇ ಬಾಳುವುದು ದೊಡ್ಡ ಭಾಗ್ಯ. ಈ ಭಾಗ್ಯವನ್ನು ಕಳೆದುಕೊಂಡವರನ್ನು ಇಂದು ನೆನೆಯುವುದು ನಮ್ಮ ಕರ್ತವ್ಯ. ಹೆರೋದನ ಕ್ರೌರ್ಯಕ್ಕೆ ಅಂಜಿ ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಪವಿತ್ರ ಕುಟುಂಬವೂ ನಿರಾಶ್ರಿತರ ಕುಟುಂಬವೇ ಆಗಿತ್ತಲ್ಲವೇ?

2017ರ ಆಗಸ್ಟಿನಿಂದ ಮ್ಯಾನ್ಮಾರಿನ ರಖೈನ್ ಪ್ರಾಂತದ ಏಳು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನರು ಬಾಂಗ್ಲಾದೇಶಕ್ಕೆ ಓಡಿಬಂದರು. ಕಾಕ್ಸ್ ಬಜಾರಿನ ಗುಡ್ಡಗಳ ಮೇಲೆ ಬಿದಿರು, ತಾಡಪಾಲುಗಳ ಗುಡಿಸಲುಗಳೇ ಅವರ ಮನೆಗಳು. ಶಿಬಿರದ ಹೊರಗೆ ದುಡಿದು ಉಣ್ಣಲು ಅವರಿಗೆ ಅನುಮತಿಯಿಲ್ಲ. ಆದುದರಿಂದ ಪಡಿತರವೇ ಅವರ ಪ್ರಾಣ. ವಿಶ್ವ ಆಹಾರ ಕಾರ್ಯಕ್ರಮವು ಒಬ್ಬೊಬ್ಬರಿಗೆ ತಿಂಗಳಿಗೆ 12 ಡಾಲರ್ ಬೆಲೆಯ ಆಹಾರವನ್ನು ಒದಗಿಸುತ್ತಿತ್ತು. ದಾನಿಗಳ ನೆರವು ಸಾಲದೆ ಅದು 2023ರ ಮಾರ್ಚಿನಲ್ಲಿ 10 ಡಾಲರಿಗೂ ಜೂನಿನಲ್ಲಿ 8 ಡಾಲರಿಗೂ ಇಳಿಯಿತು. 2024ರಲ್ಲಿ ಪುನಃ ಏರಿತು, ನಿಜ. ಆದರೆ 2025ರ ಮಾರ್ಚಿನಲ್ಲಿ 6 ಡಾಲರಿಗೆ ಇಳಿಸುವ ಸೂಚನೆ ಬಂದು, ಕಡೆಯ ಗಳಿಗೆಯಲ್ಲಿ ತಪ್ಪಿತು. ಅನುದಿನದ ಆಹಾರಕ್ಕಾಗಿ ನಾವು ನಿತ್ಯವೂ ಪ್ರಾರ್ಥಿಸುತ್ತೇವೆ. ಯೇಸುಸ್ವಾಮಿ ಕಲಿಸಿದ ಆ ಪ್ರಾರ್ಥನೆಯಲ್ಲಿ ‘ನನ್ನ’ ಎಂಬ ಮಾತಿಲ್ಲ, ‘ನಮ್ಮ’ ಎಂದಿದೆ.

ಆದರೆ ಅನ್ನವೊಂದೇ ಸಾಲದು. ನೆಲೆಯಿಲ್ಲದವನು ಎಂದೆಂದಿಗೂ ಕೈಯೊಡ್ಡುವವನಾಗಿಯೇ ಉಳಿಯುತ್ತಾನೆ. ಲೋಕದ ನಿರಾಶ್ರಿತರಲ್ಲಿ ಮೂರನೆಯ ದೇಶವೊಂದರಲ್ಲಿ ಪುನರ್ವಸತಿ ದೊರೆಯುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗೂ ಇಲ್ಲ. ನೆಲೆ ದೊರೆತರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯಿದೆ. ಟಿಬೆಟಿನಿಂದ ಬಂದವರಿಗಾಗಿ ಅಂದಿನ ಮೈಸೂರು ಸರ್ಕಾರವು 1960ರಲ್ಲಿ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ನೀಡಿತು. ಮೊದಲ ಬೆಳೆ ಕೈಗೆ ಬರುವ ತನಕ ಅವರಿಗೂ ಪಡಿ ಬೇಕಾಯಿತು. ಆಮೇಲೆ ಅವರೇ ಕಾಡು ಕಡಿದು ಹೊಲ ಮಾಡಿದರು, ಮೆಕ್ಕೆಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು, ಶಾಲೆ ತೆರೆದರು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಹಿ ಹಾಕದ ನಮ್ಮ ದೇಶವೇ ಇದನ್ನು ಮಾಡಿ ತೋರಿಸಿತು. ಮನಸ್ಸಿದ್ದರೆ ಮಾರ್ಗ.

“ನಮ್ಮಲ್ಲಿಯೇ ಬಡವರಿಲ್ಲವೇ? ರೊಹಿಂಗ್ಯಾಗಳು ನಮ್ಮ ಮತದವರೂ ಅಲ್ಲವಲ್ಲ?” ಎಂದು ಕೆಲವರು ಕೇಳಬಹುದು. ದಾರಿಯಲ್ಲಿ ಗಾಯಗೊಂಡು ಬಿದ್ದವನ ಮತವನ್ನು ಸಮಾರ್ಯದವನು ವಿಚಾರಿಸಲಿಲ್ಲ. ನೆರೆಮನೆಯ ಬಡವನಿಗೆ ಕೊಟ್ಟ ಕೈಯೇ ದೂರದವನಿಗೂ ಚಾಚೀತು. ಇಬ್ಬರಿಗೂ ಕೊಡದ ಕೈ ಮಾತ್ರ ಇಂತಹ ಲೆಕ್ಕ ಹಾಕುತ್ತದೆ. ದೋಣಿಗಳಲ್ಲಿ ಓಡಿಬಂದ ವಿಯೆಟ್ನಾಮಿನವರ ಸಂಕಟಕ್ಕೆ ಕರಗಿ ಯೇಸುಸಭೆಯ ಶ್ರೇಷ್ಠರಾದ ಸ್ವಾಮಿ ಪೇದ್ರೊ ಅರುಪೆಯವರು 1980ರಲ್ಲಿ ನಿರಾಶ್ರಿತರ ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಜಗದ್ಗುರು ಫ್ರಾನ್ಸಿಸರು 2017ರ ಡಿಸೆಂಬರಿನಲ್ಲಿ ಢಾಕಾದಲ್ಲಿ ರೊಹಿಂಗ್ಯಾ ನಿರಾಶ್ರಿತರನ್ನು ಕಂಡು, ಲೋಕದ ಉದಾಸೀನಕ್ಕಾಗಿ ಅವರಲ್ಲಿ ಕ್ಷಮೆ ಬೇಡಿದರು.

ಆದುದರಿಂದ ಪ್ರಿಯರೇ, ತಪಸ್ಸುಕಾಲದ ನಮ್ಮ ಉಪವಾಸದ ಉಳಿತಾಯದಲ್ಲಿ ಒಂದು ಪಾಲು ನಿರಾಶ್ರಿತರ ಅನ್ನಕ್ಕೆ ಸಲ್ಲಲಿ. ಅವರ ಪಡಿಯನ್ನು ಕಡಿಯಬಾರದು, ಅವರಿಗೆ ದುಡಿಯುವ ಹಕ್ಕೂ ನೆಲೆಯೂ ದೊರೆಯಬೇಕು ಎಂದು ನಮ್ಮ ಜನಪ್ರತಿನಿಧಿಗಳಿಗೆ ನಾವು ಬರೆಯೋಣ. ನೂರು ವರ್ಷ ನಮಗೆ ನೆಲೆಯಿತ್ತ ದೇವರು, ನೆಲೆಯಿಲ್ಲದವರಿಗಾಗಿ ನಮ್ಮ ಹೃದಯದ ಬಾಗಿಲನ್ನು ತೆರೆಯಲಿ.