ಬಾಯಿಪಾಠ, ಮೌನ ಮತ್ತು ಪರದೇಶದ ತರಗತಿ

ಅಧ್ಯಾಪಕ ಅಲಸ್ಟೇರ್ ಪೆನಿಕುಕ್ ತಮ್ಮ ಚೀನೀ ವಿದ್ಯಾರ್ಥಿಗಳಿಗೆ ಪ್ರಸಿದ್ಧರೊಬ್ಬರ ಕಿರುಪರಿಚಯ ಬರೆಯಲು ಹೇಳಿದ್ದರು. ಒಬ್ಬ ಹುಡುಗ ಅಬ್ರಹಾಂ ಲಿಂಕನ್ ಬಗ್ಗೆ ಬರೆದ. ಇಂಗ್ಲಿಷ್ ತೀರಾ ಸಲೀಸಾಗಿದ್ದುದರಿಂದ ನಕಲಿನ ಅನುಮಾನ ಬಂತು. ವಿಚಾರಿಸಿದರೆ, ಹಿಂದೆಂದೋ ಪಠ್ಯಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದ ಲಿಂಕನ್ ಪಾಠವನ್ನೇ ಅವನು ನೆನಪಿನಿಂದ ಬರೆದುಕೊಟ್ಟಿದ್ದ. ಇದನ್ನು ಕಳ್ಳತನ ಎನ್ನಬೇಕೇ? ಪರರ ಮಾತನ್ನು ಬಳಸುವ ಬಗ್ಗೆ ಪಶ್ಚಿಮದ ವಿಶ್ವವಿದ್ಯಾಲಯಗಳು ಹಾಕಿಕೊಂಡ ಗೆರೆ ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಒಂದೇ ಅಲ್ಲವೆಂದು ಪೆನಿಕುಕ್ 1996ರ ಲೇಖನದಲ್ಲಿ ವಾದಿಸಿದರು.

ಅದೇ ವರ್ಷ ಡೇವಿಡ್ ವಾಟ್ಕಿನ್ಸ್ ಮತ್ತು ಜಾನ್ ಬಿಗ್ಸ್ ಸಂಪಾದಿಸಿದ ಪುಸ್ತಕವೊಂದು ಹಾಂಗ್‌ಕಾಂಗ್‌ನಿಂದ ಹೊರಬಂತು. ಅವರನ್ನು ಕಾಡಿದ್ದು ಒಂದು ಒಗಟು. ದೊಡ್ಡ ತರಗತಿ, ಕಟ್ಟುನಿಟ್ಟಿನ ಮೇಷ್ಟರು, ಬೆಟ್ಟದಷ್ಟು ಪರೀಕ್ಷೆ. ಇಷ್ಟಿದ್ದೂ ಚೀನೀ ವಿದ್ಯಾರ್ಥಿಗಳು ಗಣಿತ, ವಿಜ್ಞಾನದಲ್ಲಿ ಮುಂದಿದ್ದರು. ಅಷ್ಟೇ ಅಲ್ಲ, ವಿಷಯದ ಆಳಕ್ಕಿಳಿದು ಓದುತ್ತೇವೆಂದು ಪಶ್ಚಿಮದವರಿಗಿಂತ ಹೆಚ್ಚಾಗಿ ಪ್ರಶ್ನಾವಳಿಗಳಲ್ಲಿ ಹೇಳುತ್ತಿದ್ದರು. ಬರೀ ಗಿಳಿಪಾಠದಿಂದ ಇದು ಸಾಧ್ಯವೇ?

ಸ್ವೀಡನ್ನಿನ ಫೆರೆನ್ಸ್ ಮಾರ್ಟನ್ ಮತ್ತು ಸಂಗಡಿಗರು ಚೀನಾದ ಶಿಕ್ಷಕ ತರಬೇತುದಾರರನ್ನು ಕೂರಿಸಿಕೊಂಡು ಕೇಳಿದಾಗ ಗಂಟು ಬಿಡಿಸಿಕೊಂಡಿತು. ಅರ್ಥವಾಗದೆ ಗಟ್ಟು ಹೊಡೆಯುವುದು ಒಂದು, ಅರ್ಥವಾಗಲೆಂದೇ ಮತ್ತೆ ಮತ್ತೆ ಓದುವುದು ಇನ್ನೊಂದು ಎಂದರು ಅವರು. ಪ್ರತಿ ಓದಿನಲ್ಲೂ ಗಮನ ಬೇರೆ ಕಡೆ ಹರಿಯುತ್ತದೆ, ಹೊಸದೇನೋ ಸಿಗುತ್ತದೆ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿ ಹಾಡಿ ಸ್ವರಜ್ಞಾನ ಪಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ನೋಡುವವರಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ.

ಮೌನದ ಕತೆಯೂ ಹೀಗೆಯೇ. ಏಷ್ಯಾ ಮೂಲದವರು ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಅವರನ್ನು ಮಾತಾಡಿಸಬೇಕು ಎಂಬ ಮಾತು ಅಮೆರಿಕದಲ್ಲಿ ಹಳೆಯದು. ಮನಶ್ಶಾಸ್ತ್ರಜ್ಞೆ ಹೀಜಂಗ್ ಕಿಮ್ ಇದನ್ನು ಪರೀಕ್ಷೆಗಿಟ್ಟರು. 2002ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಆಕೃತಿಗಳ ಒಗಟು ಬಿಡಿಸುತ್ತ, ತಲೆಯಲ್ಲಿ ಓಡುವುದನ್ನು ಗಟ್ಟಿಯಾಗಿ ಹೇಳಬೇಕಿತ್ತು. ಯೂರೋಪ್ ಮೂಲದವರಿಗೆ ಇದರಿಂದ ತೊಂದರೆಯಾಗಲಿಲ್ಲ. ಏಷ್ಯಾ ಮೂಲದವರ ಅಂಕ ಇಳಿಯಿತು. ಸುಮ್ಮನಿದ್ದಾಗ ಅವರು ಯೋಚಿಸುತ್ತಲೇ ಇದ್ದರು. ಮಾತಿಗೆಂದೇ ಅಂಕ ಮೀಸಲಿಡುವ ಪ್ರಾಧ್ಯಾಪಕರು ಗಮನಿಸಬೇಕಾದ ಫಲಿತಾಂಶವಿದು.

ಹಾಗೆಂದು ಒಂದು ನಾಡಿನವರಿಗೆಲ್ಲ ಒಂದು ಕಲಿಕಾ ಶೈಲಿ ಎಂದು ಹಣೆಪಟ್ಟಿ ಹಚ್ಚಿದರೆ ಅನ್ಯಾಯವಾಗುತ್ತದೆ. ಪ್ರತಿ ವಿದ್ಯಾರ್ಥಿಯ ಶೈಲಿ ಗುರುತಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು ಹೆರಾಲ್ಡ್ ಪಾಷ್ಲರ್ ಮತ್ತಿತರ ಮನಶ್ಶಾಸ್ತ್ರಜ್ಞರು 2008ರಲ್ಲೇ ತೋರಿಸಿದ್ದಾರೆ. ಸಂಸ್ಕೃತಿ ಕೊಡುವುದು ರೂಢಿಯನ್ನು. ವ್ಯವಸ್ಥೆ ಬದಲಾದರೆ ರೂಢಿಯೂ ಬದಲಾಗುತ್ತದೆ.

ಬರ್ಕ್ಲಿಯಲ್ಲಿ ಯೂರಿ ಟ್ರೈಸ್ಮನ್ 1970ರ ದಶಕದಲ್ಲಿ ಕಂಡದ್ದು ಇದನ್ನೇ. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಹಿಂದೆ ಬೀಳಲು ಹುಮ್ಮಸ್ಸಿನ ಕೊರತೆ, ಮನೆಯ ವಾತಾವರಣ ಕಾರಣವೆಂದು ಅಧ್ಯಾಪಕರು ಊಹಿಸಿದ್ದರು. ಟ್ರೈಸ್ಮನ್ ವಿದ್ಯಾರ್ಥಿಗಳ ಜೊತೆಗೇ ಓಡಾಡಿ ನೋಡಿದರು. ಚೀನೀ ಮೂಲದವರು ಲೆಕ್ಕಗಳನ್ನು ಮೊದಲು ಒಬ್ಬೊಬ್ಬರೇ ಮಾಡಿ, ಆಮೇಲೆ ಒಟ್ಟಿಗೆ ಕೂತು ಪರಸ್ಪರರ ಉತ್ತರ ತಿದ್ದುತ್ತಿದ್ದರು; ಎಲ್ಲಿ ಎಡವಿದೆವೆಂಬುದು ಅಲ್ಲೇ ತಿಳಿಯುತ್ತಿತ್ತು. ಕಪ್ಪು ವಿದ್ಯಾರ್ಥಿಗಳು ಪಟ್ಟುಹಿಡಿದು ಓದುತ್ತಿದ್ದರು, ಆದರೆ ಒಂಟಿಯಾಗಿ. ಶಾಲೆಯಲ್ಲಿ ಅವರನ್ನು ಗೆಲ್ಲಿಸಿದ್ದೇ ಆ ಒಂಟಿ ಓದು. ಟ್ರೈಸ್ಮನ್ ಕಠಿಣ ಲೆಕ್ಕಗಳನ್ನು ಗುಂಪಿನಲ್ಲಿ ಬಿಡಿಸುವ ಕಾರ್ಯಾಗಾರ ಶುರುಮಾಡಿದರು. ಫಲಿತಾಂಶ ಎದ್ದು ಕಾಣುವಷ್ಟು ಸುಧಾರಿಸಿತು.

2023-24ರಲ್ಲಿ ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು; ಆ ವರ್ಷ ಚೀನಾವೂ ಹಿಂದೆ ಬಿತ್ತು. ಅವರಲ್ಲಿ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಂದ ಹೋದವರೂ ಇದ್ದಾರೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಸೀನಿಯರ್‌ಗಳ ನೋಟ್ಸ್, ಮೂರು ಗಂಟೆಯ ಪರೀಕ್ಷೆ ಇವರಿಗೆ ಕರತಲಾಮಲಕ. ಅಲ್ಲಿ ಹಲವು ಪ್ರಾಧ್ಯಾಪಕರನ್ನು ಹೆಸರು ಹಿಡಿದೇ ಕರೆಯುತ್ತಾರೆ, ಅವರ ಮಾತನ್ನು ಎಲ್ಲರೆದುರು ಒಪ್ಪದೆಯೂ ಇರಬಹುದು, ಆಕರ ಹೇಳದ ಒಂದು ಪ್ಯಾರಾ ಶಿಸ್ತು ಸಮಿತಿಯವರೆಗೆ ಎಳೆಯಬಹುದು. ಇವನ್ನೆಲ್ಲ ಮೊದಲ ವಾರವೇ ಉದಾಹರಣೆ ಸಮೇತ ಹೇಳಿಕೊಡುವುದು ವಿಶ್ವವಿದ್ಯಾಲಯದ ಹೊಣೆ. ಶುಲ್ಕ ಪಡೆದು ಸೇರಿಸಿಕೊಂಡವರು ನಿಯಮವನ್ನು ಊಹೆಗೆ ಬಿಡುವುದು ಸರಿಯಲ್ಲ.

ತರಗತಿಯೊಳಗಿನ ದಾರಿಯೂ ದುಬಾರಿಯದಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫ್ರಾಂಕ್ ಲೈಮನ್ 1981ರಲ್ಲಿ ಒಂದು ಕ್ರಮ ಸೂಚಿಸಿದರು: ಪ್ರಶ್ನೆ ಕೇಳಿದ ಮೇಲೆ ವಿದ್ಯಾರ್ಥಿಗಳು ತುಸು ಹೊತ್ತು ತಮ್ಮಷ್ಟಕ್ಕೆ ಯೋಚಿಸಬೇಕು, ಪಕ್ಕದವರೊಡನೆ ಚರ್ಚಿಸಬೇಕು, ನಂತರ ತರಗತಿಗೆ ಹೇಳಬೇಕು. ಸುಮ್ಮನೆ ಯೋಚಿಸುವವರಿಗೆ ಇಲ್ಲಿ ಸಮಯ ಸಿಗುತ್ತದೆ; ತಟ್ಟನೆ ಕೈಯೆತ್ತುವವರೂ ಇನ್ನೊಬ್ಬರ ಮಾತು ಕೇಳಿಸಿಕೊಂಡೇ ಮುಂದುವರಿಯಬೇಕಾಗುತ್ತದೆ.